ಬಡತನದ ಲೆಕ್ಕ ಹಿಡಿದವರು: ಡಾ. ವಿ.ಕೆ.ಆರ್.ವಿ. ರಾವ್

ಸ್ವಾತಂತ್ರ್ಯಕ್ಕೆ ಮುನ್ನ ಭಾರತದ ರಾಷ್ಟ್ರೀಯ ವರಮಾನವನ್ನು ಅಂದಾಜು ಮಾಡಿದವರ ಹೆಸರುಗಳು ನಮ್ಮ ಅರ್ಥಶಾಸ್ತ್ರದ ಪಠ್ಯದಲ್ಲಿವೆ: ದಾದಾಭಾಯಿ ನವರೋಜಿ, ವಿಲಿಯಂ ಡಿಗ್ಬಿ, ಫಿಂಡ್ಲೆ ಶಿರಾಸ್, ವಿ.ಕೆ.ಆರ್.ವಿ. ರಾವ್, ಆರ್.ಸಿ. ದೇಸಾಯಿ. ಪರೀಕ್ಷೆಯಲ್ಲಿ ಕೇಳಿಯಾರೆಂದು ಇವನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಇವರಲ್ಲಿ ರಾವ್ ಅವರು ನಮಗೆ ತೀರಾ ಹತ್ತಿರದವರು. ನಮ್ಮ ನೆರೆಯ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋದವರು, ಬೆಂಗಳೂರಿನಲ್ಲಿ ದೊಡ್ಡ ಸಂಶೋಧನಾ ಸಂಸ್ಥೆ ಕಟ್ಟಿದವರು.

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ 1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದರು. ಮುಂಬಯಿಯಲ್ಲಿ ಓದಿ, ಮುಂದೆ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಸೇರಿದರು. ಜಗತ್ಪ್ರಸಿದ್ಧ ಅರ್ಥಶಾಸ್ತ್ರಜ್ಞ ಕೇನ್ಸ್ ಅಲ್ಲಿ ಅವರ ಗುರುಗಳಲ್ಲಿ ಒಬ್ಬರು. ಆದರೆ ರಾವ್ ತಮ್ಮ ಸಂಶೋಧನೆಗೆ ಆರಿಸಿಕೊಂಡದ್ದು ತಮ್ಮ ದೇಶದ್ದೇ ಪ್ರಶ್ನೆ: ಭಾರತೀಯನೊಬ್ಬನ ವರ್ಷದ ವರಮಾನ ಎಷ್ಟು?

ಈ ಪ್ರಶ್ನೆಯ ಹಿಂದೆ ದೊಡ್ಡ ಜಗಳವೇ ಇತ್ತು. ಬ್ರಿಟಿಷ್ ಆಡಳಿತದಲ್ಲಿ ದೇಶ ಏಳಿಗೆಯಾಗುತ್ತಿದೆ ಎಂದು ಅಧಿಕಾರಿಗಳು ಹೇಳುತ್ತಿದ್ದರು. ಇಲ್ಲ, ಬಡವಾಗುತ್ತಿದೆ ಎಂದು ನವರೋಜಿಯವರು 19ನೇ ಶತಮಾನದಲ್ಲೇ ತಲಾ ವರಮಾನ ವರ್ಷಕ್ಕೆ 20 ರೂಪಾಯಿ ಎಂಬ ಲೆಕ್ಕ ತೋರಿಸಿದ್ದರು. ಒಬ್ಬೊಬ್ಬರದು ಒಂದೊಂದು ಅಂದಾಜು. ಗಟ್ಟಿಯಾದ ವಿಧಾನ ಬೇಕಿತ್ತು.

ಲೆಕ್ಕ ಸುಲಭದ್ದಾಗಿರಲಿಲ್ಲ. ಆಗ ಬಹುಪಾಲು ಜನರಿಗೆ ಸಂಬಳದ ಚೀಟಿ ಇರಲಿಲ್ಲ. ರೈತ ಬೆಳೆದ ಜೋಳ, ರಾಗಿಯಲ್ಲಿ ಬಹುಪಾಲು ಸಂತೆಗೇ ಬರದೆ ಮನೆಯಲ್ಲೇ ಖರ್ಚಾಗುತ್ತಿತ್ತು. ಮನೆಯ ಎಮ್ಮೆಯ ಹಾಲಿಗೆ ಬಿಲ್ಲು ಎಲ್ಲಿಯದು? ರಾವ್ ಎರಡು ದಾರಿಗಳನ್ನು ಜೋಡಿಸಿದರು. ಬೇಸಾಯದಂತಹ ಕಸುಬುಗಳಲ್ಲಿ ಎಷ್ಟು ಉತ್ಪಾದನೆಯಾಯಿತು, ಅದರ ಬೆಲೆ ಎಷ್ಟು ಎಂದು ನೋಡಿದರು. ನೌಕರಿ, ವ್ಯಾಪಾರ, ಸೇವೆಗಳಲ್ಲಿ ಎಷ್ಟು ಜನ ಇದ್ದಾರೆ, ಅವರ ಗಳಿಕೆ ಎಷ್ಟು ಎಂದು ನೋಡಿದರು. ಎರಡನ್ನೂ ಕೂಡಿಸಿದಾಗ 1931-32ರಲ್ಲಿ ಬ್ರಿಟಿಷ್ ಭಾರತದ ತಲಾ ವರಮಾನ ವರ್ಷಕ್ಕೆ ಸುಮಾರು 62 ರೂಪಾಯಿ ಎಂದು ಬಂತು. ತಿಂಗಳಿಗೆ ಐದು ರೂಪಾಯಿಗಿಂತ ತುಸು ಹೆಚ್ಚು! ಈ ಕೆಲಸಕ್ಕೆ ಕೇಂಬ್ರಿಡ್ಜ್ ಅವರಿಗೆ ಪಿಎಚ್.ಡಿ. ನೀಡಿತು. 1940ರಲ್ಲಿ ಅದು ಪುಸ್ತಕವಾಗಿ ಬಂತು. ಇಂದಿಗೂ ಪಠ್ಯಪುಸ್ತಕಗಳು ಆ ಕಾಲದ ಮಹತ್ವದ ಅಂದಾಜು ಎಂದು ಹೆಸರಿಸುವುದು ಇದನ್ನೇ.

1949ರಲ್ಲಿ ಸರ್ಕಾರ ರಾಷ್ಟ್ರೀಯ ವರಮಾನ ಸಮಿತಿ ರಚಿಸಿತು. ಮಹಲನೋಬಿಸ್ ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್ ಮತ್ತು ರಾವ್ ಸದಸ್ಯರು. ಸ್ವತಂತ್ರ ಭಾರತ ತನ್ನ ವರಮಾನವನ್ನು ತಾನೇ ಲೆಕ್ಕ ಹಾಕಲು ಕಲಿತದ್ದು ಇಲ್ಲಿಂದ. ಅದೇ ವರ್ಷ ರಾವ್ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದರು. ಮುಂದೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾದರು, ಯೋಜನಾ ಆಯೋಗದ ಸದಸ್ಯರಾದರು.

ಗುರುಗಳ ಮಾತನ್ನೂ ಅವರು ಕಣ್ಣುಮುಚ್ಚಿ ಒಪ್ಪಿದವರಲ್ಲ. ಸರ್ಕಾರ ಹಣ ಹೂಡಿದರೆ ಉದ್ಯೋಗ, ಉತ್ಪಾದನೆ ಎರಡೂ ಗುಣಿಸುತ್ತಾ ಹೋಗುತ್ತವೆ ಎಂಬುದು ಕೇನ್ಸ್ ಸಿದ್ಧಾಂತ. ಭಾರತದಲ್ಲಿ ಹಾಗಾಗದು ಎಂದು ರಾವ್ 1952ರಲ್ಲಿ ಬರೆದರು. ಇಂಗ್ಲೆಂಡಿನಲ್ಲಿ ನಿಂತ ಯಂತ್ರಗಳು ಮತ್ತೆ ತಿರುಗಲು ಸಿದ್ಧವಿದ್ದವು. ಇಲ್ಲಿಯ ಹೊಲ ಹಾಗಲ್ಲ. ಕೈಯಲ್ಲಿ ದುಡ್ಡು ಓಡಾಡಿದ ಮಾತ್ರಕ್ಕೆ ಮಳೆ ಬರುವುದಿಲ್ಲ, ಕಾಳು ಹೆಚ್ಚುವುದಿಲ್ಲ, ಬೆಲೆ ಮಾತ್ರ ಏರುತ್ತದೆ.

1967 ಮತ್ತು 1971ರಲ್ಲಿ ರಾವ್ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದರು. ಕೇಂದ್ರದಲ್ಲಿ ಮೊದಲು ಸಾರಿಗೆ, ನಂತರ ಶಿಕ್ಷಣ ಖಾತೆಯ ಸಚಿವರಾಗಿದ್ದರು. ಸಚಿವ ಸ್ಥಾನ ಹೋದ ಮೇಲೆ ವಿಶ್ರಾಂತಿ ಬಯಸಲಿಲ್ಲ. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, ಸ್ಥಾಪಿಸಿ ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಪದ್ಮವಿಭೂಷಣ ಬಂತು.

ಅಷ್ಟರಲ್ಲಿ ದೇಶದಲ್ಲಿ ಬಡತನದ ರೇಖೆಯ ಚರ್ಚೆ ಕಾವೇರಿತ್ತು. ಹಳ್ಳಿಯಲ್ಲಿ ದಿನಕ್ಕೆ 2,400, ಪಟ್ಟಣದಲ್ಲಿ 2,100 ಕ್ಯಾಲೊರಿ ಆಹಾರಕ್ಕೆ ಬೇಕಾದ ಖರ್ಚನ್ನೇ ರೇಖೆಯಾಗಿ ಎಳೆಯಲಾಯಿತು. ಕ್ಯಾಲೊರಿಯೊಂದನ್ನೇ ಎಣಿಸಿದರೆ ಬಡತನ ಅಳೆದಂತಾಗದು ಎಂಬುದು ರಾವ್ ಅವರ ಎಚ್ಚರಿಕೆ. ಆಹಾರ, ಪೌಷ್ಟಿಕತೆ ಮತ್ತು ಬಡತನದ ಬಗ್ಗೆ 1982ರಲ್ಲಿ ಪುಸ್ತಕವನ್ನೇ ಬರೆದರು. ಆಗ ಅವರ ವಯಸ್ಸು 70 ದಾಟಿತ್ತು. 1991ರ ಜುಲೈ 25ರಂದು ಅವರು ತೀರಿಕೊಂಡರು.

ಅದಕ್ಕೆ ಒಂದು ವರ್ಷ ಮೊದಲು, 1990ರಲ್ಲಿ, ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ವಿಶ್ವಸಂಸ್ಥೆಯಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕ ಹೊರತಂದಿದ್ದರು. ವರಮಾನದ ಜೊತೆಗೆ ಆಯಸ್ಸು ಮತ್ತು ಅಕ್ಷರಜ್ಞಾನವೂ ಲೆಕ್ಕಕ್ಕೆ ಬಂದವು. ಅದಕ್ಕೆ ನೆರವಾದ ಅಮರ್ತ್ಯ ಸೇನ್, ರಾವ್ ಕಟ್ಟಿದ ದೆಹಲಿಯ ಶಾಲೆಯಲ್ಲೇ ಹಿಂದೆ ಪಾಠ ಹೇಳಿದವರು.

ಈ ಲೆಕ್ಕ ನಮ್ಮ ಊರಿಗೂ ಬಂತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟು ಕರ್ನಾಟಕದ ಆಗಿನ 175 ತಾಲ್ಲೂಕುಗಳನ್ನು ಅಳೆದು 2002ರಲ್ಲಿ ವರದಿ ಕೊಟ್ಟಿತು. ರಾಜ್ಯದ ಸರಾಸರಿಗಿಂತ ಕೆಳಗೆ ಬಿದ್ದವು 114. ಜಗಳೂರು ಮತ್ತು ಆಗ ನ್ಯಾಮತಿಯನ್ನೂ ಒಳಗೊಂಡಿದ್ದ ಹೊನ್ನಾಳಿ ಆ ಪಟ್ಟಿಯಲ್ಲಿದ್ದವು. ಅತ್ಯಂತ ಹಿಂದುಳಿದ 39ರಲ್ಲಿ ಚನ್ನಗಿರಿಯ ಹೆಸರಿತ್ತು. ಮಳೆ ನಂಬಿದ ಜಗಳೂರಿನ ಹೆಸರು ಬಂದದ್ದು ಯಾರಿಗೂ ಆಶ್ಚರ್ಯವಲ್ಲ. ಅಡಿಕೆ ತೋಟಗಳ, ಸೂಳೆಕೆರೆಯ ಚನ್ನಗಿರಿ?

ಸರಾಸರಿ ಎಂಬುದು ಹೀಗೆಯೇ. ಹತ್ತು ಜನರಲ್ಲಿ ತೋಟದ ಒಡೆಯನೊಬ್ಬನಿಗೆ ವರ್ಷಕ್ಕೆ 10 ಲಕ್ಷ, ಅಡಿಕೆ ಸುಲಿಯುವ ಒಂಬತ್ತು ಮಂದಿಗೆ ತಲಾ 1 ಲಕ್ಷ ಬಂದರೆ ಸರಾಸರಿ 1 ಲಕ್ಷ 90 ಸಾವಿರ. ಆ ಮೊತ್ತ ಹತ್ತರಲ್ಲಿ ಯಾರ ಕೈಯಲ್ಲೂ ಇಲ್ಲ. ಆಸ್ಪತ್ರೆ, ಶಾಲೆ, ರಸ್ತೆ, ನೀರು ಇವನ್ನೂ ಕೇಳಿದಾಗಲೇ ಊರಿನ ನಿಜಸ್ಥಿತಿ ಕಾಣುವುದು. ಆ ವರದಿಯ ಆಧಾರದ ಮೇಲೆಯೇ ಹಿಂದುಳಿದ ತಾಲ್ಲೂಕುಗಳಿಗೆ ವಿಶೇಷ ಅಭಿವೃದ್ಧಿ ಯೋಜನೆಯ ಹಣ ಬಂತು.

ಲೆಕ್ಕಕ್ಕೆ ಸಿಗದವರಿಗೆ ಪಾಲೂ ಸಿಗುವುದಿಲ್ಲ. ಆದ್ದರಿಂದ ಜನಗಣತಿಯವರೋ ಸಮೀಕ್ಷೆಯವರೋ ಮನೆ ಬಾಗಿಲಿಗೆ ಬಂದಾಗ, ಅಮ್ಮ ಮನೆಯಲ್ಲೇ ಕಟ್ಟುವ ಬೀಡಿ, ಅಕ್ಕ ಹೊಲಿಯುವ ಬಟ್ಟೆ, ಅರ್ಧಕ್ಕೆ ಶಾಲೆ ಬಿಟ್ಟ ತಮ್ಮ, ಎಲ್ಲವನ್ನೂ ಸರಿಯಾಗಿ ಬರೆಸೋಣ. ನಮ್ಮಲ್ಲಿ ಕೆಲವರಾದರೂ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಓದಿ ಆ ಲೆಕ್ಕ ಹಿಡಿಯುವವರೂ ಆಗೋಣ.