ಸಿಡಿಲಿಗೆ ದಾರಿ ತೋರಿದ ಬೆಂಜಮಿನ್ ಫ್ರಾಂಕ್ಲಿನನು

ಒಣಹವೆಯ ದಿನಗಳಲ್ಲಿ ತಲೆ ಬಾಚುವಾಗ ಕೂದಲು ಬಾಚಣಿಗೆಯ ಹಿಂದೆ ಏಳುವುದನ್ನೂ, ಚಿಟಿಚಿಟಿ ಸದ್ದಾಗುವುದನ್ನೂ ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಆ ಅಲ್ಪವಾದ ಕಿಡಿಯೂ ಮುಗಿಲಿನ ಮಿಂಚೂ ಒಂದೇ ಶಕ್ತಿಯೆಂಬುದನ್ನು ಪರೀಕ್ಷಿಸುವ ಬಗೆಯನ್ನು ಲೋಕಕ್ಕೆ ತಿಳಿಸಿದವನು ಬೆಂಜಮಿನ್ ಫ್ರಾಂಕ್ಲಿನನು.

ಇವನು 1706ನೆಯ ಇಸವಿ ಜನವರಿ 17ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದನು. ತಂದೆಯು ಮೋಂಬತ್ತಿ, ಸಾಬೂನುಗಳನ್ನು ಮಾಡಿ ಮಾರುವವನು. 17 ಮಕ್ಕಳ ಆ ಮನೆಯಲ್ಲಿ ಇವನಿಗೆ ದೊರೆತ ಶಾಲಾಭ್ಯಾಸವು ಎರಡು ವರ್ಷ ಮಾತ್ರ. ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿತು, ಫಿಲಡೆಲ್ಫಿಯ ನಗರದಲ್ಲಿ ಸ್ವಂತ ಅಚ್ಚುಕೂಟವನ್ನಿಟ್ಟು, 1748ರೊಳಗೆ ಹೊಟ್ಟೆಪಾಡಿನ ಚಿಂತೆಯಿಂದ ಬಿಡುಗಡೆಯಾದನು.

ಲಂಡನಿನ ಸ್ನೇಹಿತನೊಬ್ಬನು ಕಳುಹಿಸಿದ ಗಾಜಿನ ಕೊಳವೆಯನ್ನು ಉಜ್ಜಿ ಕಿಡಿಗಳನ್ನು ಹುಟ್ಟಿಸುತ್ತಾ, ಉಜ್ಜುವಿಕೆಯು ವಿದ್ಯುತ್ತನ್ನು ಸೃಷ್ಟಿಸುವುದಿಲ್ಲ, ಒಂದು ವಸ್ತುವಿನಿಂದ ಮತ್ತೊಂದಕ್ಕೆ ಸಾಗಿಸುತ್ತದೆ ಎಂದು ಅವನು ಕಂಡುಕೊಂಡನು. ಧನ, ಋಣ ಎಂದು ನಾವು ಪಾಠದಲ್ಲಿ ಹೇಳುವ ಹೆಸರುಗಳು ಅವನವೇ. ಮೊನಚಾದ ಲೋಹವು ದೂರದಿಂದಲೇ ವಿದ್ಯುತ್ತನ್ನು ಸದ್ದಿಲ್ಲದೆ ಸೆಳೆಯುವುದನ್ನೂ ನೋಡಿ, ಎತ್ತರವಾದ ಕಬ್ಬಿಣದ ಸರಳಿನಿಂದ ಮೋಡವನ್ನು ಪರೀಕ್ಷಿಸಬಹುದೆಂದು ಬರೆದನು. 1752ರ ಮೇ 10ರಂದು ಫ್ರಾನ್ಸಿನ ಮಾರ್ಲಿ ಎಂಬ ಊರಿನಲ್ಲಿ ಹಾಗೆಯೇ ಮಾಡಲಾಯಿತು. ಊರಿನ ಪಾದ್ರಿಯೇ ಓಡಿಬಂದು ಸರಳಿನಿಂದ ಕಿಡಿಗಳನ್ನು ತೆಗೆದನು!

ಆ ಸುದ್ದಿ ತಲಪುವುದಕ್ಕೆ ಮುಂಚೆಯೇ, ಜೂನ್ ತಿಂಗಳಲ್ಲಿ, ಫ್ರಾಂಕ್ಲಿನನು ಮಗನೊಡನೆ ರೇಷ್ಮೆಯ ಗಾಳಿಪಟವನ್ನು ಹಾರಿಸಿದನು. ದಾರದ ಎಳೆಗಳು ನಿಮಿರಿ ನಿಂತವು. ಕೆಳತುದಿಯ ಬೀಗದ ಕೈಗೆ ಬೆರಳ ಗೆಣ್ಣನ್ನು ಒಡ್ಡಲು ಕಿಡಿ ಹಾರಿತು. ಚಿತ್ರಗಳಲ್ಲಿ ಮಗನು ಚಿಕ್ಕ ಹುಡುಗನಾಗಿ ಕಾಣುತ್ತಾನೆ, ಗಾಳಿಪಟಕ್ಕೆ ಸಿಡಿಲೂ ಬಡಿಯುತ್ತದೆ, ಎರಡೂ ಸರಿಯಲ್ಲ. ಮಗನು ಇಪ್ಪತ್ತು ದಾಟಿದವನು. ಸಿಡಿಲು ಬಡಿದಿದ್ದರೆ ತಂದೆಯು ಉಳಿಯುತ್ತಿರಲಿಲ್ಲ. ಮೋಡದ ಸುತ್ತಲಿನ ವಿದ್ಯುತ್ತಷ್ಟೇ ದಾರದಲ್ಲಿ ಇಳಿದದ್ದು. ಮರುವರ್ಷ ಇಂಥದೇ ಪರೀಕ್ಷೆಯಲ್ಲಿ ರಷ್ಯದ ಪೀಟರ್ಸ್‌ಬರ್ಗಿನ ಪಂಡಿತ ರಿಖ್‌ಮನ್ನನು ಸತ್ತನು. ಮಕ್ಕಳು ಇದನ್ನು ಎಂದಿಗೂ ಮಾಡಿ ನೋಡಕೂಡದು.

ತನ್ನ ಮನೆಯ ಸರಳಿಗೆ ಫ್ರಾಂಕ್ಲಿನನು ಎರಡು ಗಂಟೆಗಳನ್ನು ಕಟ್ಟಿದ್ದನು. ವಿದ್ಯುತ್ತಿನ ಮೋಡ ಮೇಲೆ ಬಂದರೆ ಅವು ತಾವಾಗಿ ಬಾರಿಸುತ್ತಿದ್ದವು. ಇವುಗಳ ಸಹಾಯದಿಂದಲೇ ಗುಡುಗುಮೋಡಗಳು ಹೆಚ್ಚಾಗಿ ಋಣವಿದ್ಯುತ್ತುಳ್ಳವೆಂದು ಅವನು ತಿಳಿದನು. ಮೋಡದ ಕೆಳಭಾಗಕ್ಕೆ ಈ ಮಾತು ಇಂದಿಗೂ ಒಪ್ಪುತ್ತದೆ. ಅವನು ಲಂಡನಿನಲ್ಲಿದ್ದಾಗ ಮನೆಯಲ್ಲಿ ಆ ಸದ್ದನ್ನು ಕೇಳಬೇಕಾದವಳು ಹೆಂಡತಿ ಡೆಬೊರಾ. ಹೆದರಿಕೆಯಾದರೆ ಎರಡು ಗಂಟೆಗಳ ನಡುವೆ ತಂತಿ ಕಟ್ಟೆಂದು ಅವನು ಅಲ್ಲಿಂದಲೇ ಬರೆದನು. ಆಕೆಯ ಧೈರ್ಯಕ್ಕೂ ಈ ಚರಿತ್ರೆಯಲ್ಲಿ ಒಂದು ಸಾಲು ಸಲ್ಲಬೇಕೆಂದು ನಮಗೆ ತೋರುತ್ತದೆ.

ಆದರೆ ಸಿಡಿಲು ದೇವರ ಕೋಪವಷ್ಟೇ, ಅದನ್ನು ತಡೆಯಬಹುದೇ ಎಂದು ಭಕ್ತರಾದ ಅನೇಕರು ಅಂಜಿದರು. ಯುರೋಪಿನಲ್ಲಿ ಗುಡುಗುವಾಗ ದೇವಾಲಯದ ಗಂಟೆ ಬಾರಿಸುವ ವಾಡಿಕೆಯಿತ್ತು. ಎತ್ತರದ ಗೋಪುರಕ್ಕೇ ಸಿಡಿಲೆರಗಿ ಗಂಟೆಯವರು ಸಾಯುತ್ತಿದ್ದರು. 1755ರಲ್ಲಿ ಬಾಸ್ಟನಿನಲ್ಲಿ ಭೂಕಂಪವಾದಾಗ, ಈ ಸರಳುಗಳೇ ಕಾರಣವಿರಬಹುದೆಂದು ಪಾದ್ರಿಯೊಬ್ಬನು ಬರೆದನು. ಮಳೆಗೆ ಮಾಡು ಹಾಕುವುದು ಪಾಪವಲ್ಲದಿದ್ದರೆ ಸಿಡಿಲಿಗೆ ಸರಳು ನೆಡುವುದೂ ಪಾಪವಲ್ಲವೆಂಬುದು ಫ್ರಾಂಕ್ಲಿನನ ಅಭಿಪ್ರಾಯ. ನಾವೂ ಇದನ್ನೇ ಒಪ್ಪುವೆವು; ಬುದ್ಧಿಯನ್ನು ಕೊಟ್ಟವನೂ ಆ ದೇವರೇ ಅಲ್ಲವೇ?

ಸರಳನ್ನು ನಿಲ್ಲಿಸಿ ನೆಲದೊಳಕ್ಕೆ ಇಳಿಸುವ ಕ್ರಮವನ್ನು ಅವನು 1753ರ ತನ್ನ ಪಂಚಾಂಗದಲ್ಲಿ ಎಲ್ಲರಿಗೂ ತಿಳಿಯುವಂತೆ ಅಚ್ಚು ಹಾಕಿಸಿದನು. ಅದರ ಮೇಲೆ ಹಕ್ಕುಪತ್ರ ಪಡೆಯಲಿಲ್ಲ, ಕಾಸನ್ನೂ ಕೇಳಲಿಲ್ಲ. ಮುಂದೆ ದೇಶದ ಸ್ವಾತಂತ್ರ್ಯಕಾರ್ಯದಲ್ಲಿ ದುಡಿದು, 1790ರ ಏಪ್ರಿಲ್ 17ರಂದು ಫಿಲಡೆಲ್ಫಿಯದಲ್ಲಿ 84 ವರ್ಷದವನಾಗಿ ತೀರಿಕೊಂಡನು.