ಲೀಸೆ ಮೈಟ್ನರ್ ಮತ್ತು ಅಣುಬಾಂಬಿನ ಅಪವಾದ

1945ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಹಿರೋಷಿಮಾ ನಗರವು ಅಣುಬಾಂಬಿಗೆ ಆಹುತಿಯಾದ ವಾರ್ತೆಯನ್ನು ಲೀಸೆ ಮೈಟ್ನರಳಿಗೆ ತಿಳಿಸಿದವನು ಪತ್ರಿಕೆಯೊಂದರ ಬಾತ್ಮೀದಾರ. ಸ್ವೀಡನ್ನಿನ ಲೆಕ್ಸಾಂಡ್ ಎಂಬ ಊರಿನಲ್ಲಿ ವಿಶ್ರಾಂತಿಗೆಂದು ತಂಗಿದ್ದ ಆ ಅರವತ್ತಾರರ ವಿಜ್ಞಾನಿ ಮನೆಯಿಂದ ಹೊರಬಿದ್ದು ಗಂಟೆಗಟ್ಟಲೆ ಒಬ್ಬಳೇ ಅಲೆದಳು. ಪತ್ರಿಕೆಗಳು ಆಕೆಗೆ ಬಾಂಬಿನ ಜನನಿಯ ಪಟ್ಟವನ್ನು ಕಟ್ಟಿಬಿಟ್ಟವು. ಹಿಟ್ಲರನ ಕಣ್ತಪ್ಪಿಸಿ ಬಾಂಬಿನ ರಹಸ್ಯವನ್ನು ಹೊತ್ತು ತಂದವಳು ಈಕೆಯೇ ಎಂಬ ಕಥೆ ಅಮೆರಿಕದಲ್ಲಿ ಹಬ್ಬಿತು. ವಾಸ್ತವವಾಗಿ ಬಾಂಬಿನ ತಯಾರಿಕೆಯಲ್ಲಿ ಆಕೆಯ ಪಾಲು ಎಳ್ಳಷ್ಟೂ ಇರಲಿಲ್ಲ. 1943ರಲ್ಲಿ ಬ್ರಿಟಿಷ್ ವಿಜ್ಞಾನಿಗಳೊಡನೆ ಆ ಕಾರ್ಯಕ್ಕೆ ಸೇರಬೇಕೆಂದು ಕರೆ ಬಂದಾಗ ಆಕೆ ಖಂಡಿತವಾಗಿ ಒಲ್ಲೆನೆಂದಿದ್ದಳು.

ಮೈಟ್ನರ್ ಹುಟ್ಟಿದ್ದು 1878ರಲ್ಲಿ, ವಿಯೆನ್ನಾದ ಯೆಹೂದಿ ವಕೀಲರೊಬ್ಬರ ಮನೆಯಲ್ಲಿ. ವಿಶ್ವವಿದ್ಯಾನಿಲಯಕ್ಕೆ ಸಿದ್ಧಗೊಳಿಸುವ ಶಾಲೆಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದಿದ್ದ ಕಾಲ ಅದು. ಖಾಸಗಿಯಾಗಿ ಪಾಠ ಹೇಳಿಸಿಕೊಂಡು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1906ರಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಳು. ಮರುವರ್ಷ ಬರ್ಲಿನ್ನಿಗೆ ಹೋಗಿ ರಸಾಯನಶಾಸ್ತ್ರಜ್ಞ ಆಟೊ ಹಾನನೊಡನೆ ಸಂಶೋಧನೆಗೆ ತೊಡಗಿದಳು. ಅಲ್ಲಿಯ ಪ್ರಯೋಗಾಲಯದೊಳಕ್ಕೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲವಾಗಿ, ಕಟ್ಟಡದ ಕೆಳಗೆ ಬಡಗಿಯ ಕೆಲಸಕ್ಕೆಂದಿದ್ದ ಕೋಣೆಯೇ ಆಕೆಗೆ ಒದಗಿತು. ಸಂಬಳವೂ ಇಲ್ಲ. 1922ರಲ್ಲಿ ಆಕೆ ವಿಶ್ವದ ವಿದ್ಯಮಾನಗಳಲ್ಲಿ ವಿಕಿರಣದ ಪಾತ್ರವನ್ನು ಕುರಿತು ಉಪನ್ಯಾಸ ಕೊಟ್ಟರೆ, ಪತ್ರಿಕೆಯೊಂದು ಅದನ್ನು ಸೌಂದರ್ಯಸಾಧನಗಳ ವಿಷಯವೆಂದು ಅಚ್ಚುಹಾಕಿತಂತೆ! ಹೆಣ್ಣು ಮತ್ತಾವುದನ್ನು ಕುರಿತು ಮಾತನಾಡಿಯಾಳು ಎಂದು ಭಾವಿಸಿದರೋ ಏನೋ.

1938ರ ಮಾರ್ಚಿನಲ್ಲಿ ಆಸ್ಟ್ರಿಯಾ ಜರ್ಮನಿಯ ವಶವಾಯಿತು. ಆಕೆಗಿದ್ದ ರಕ್ಷಣೆಯೂ ತಪ್ಪಿತು. ಜುಲೈ ತಿಂಗಳಲ್ಲಿ, ಮೂವತ್ತು ವರ್ಷಗಳ ದುಡಿಮೆಯನ್ನು ಹಿಂದೆ ಬಿಟ್ಟು, ಕೈಚೀಲದಲ್ಲಿ ಹತ್ತು ಮಾರ್ಕುಗಳನ್ನು ಇಟ್ಟುಕೊಂಡು ಹಾಲೆಂಡಿಗೆ ಪಾರಾದಳು, ಅಲ್ಲಿಂದ ಸ್ವೀಡನ್ನಿಗೆ. ಡಿಸೆಂಬರಿನಲ್ಲಿ ಹಾನನ ಪತ್ರ ಬಂದಿತು. ಯುರೇನಿಯಮ್ಮಿಗೆ ನ್ಯೂಟ್ರಾನುಗಳನ್ನು ತಾಗಿಸಿದಾಗ ಅದರ ಅರ್ಧದಷ್ಟೇ ತೂಕದ ಬೇರಿಯಂ ಕಾಣಿಸಿಕೊಂಡಿದೆ, ಇದು ಹೇಗೆ ಸಾಧ್ಯವೆಂದು ಆತ ಕೇಳಿದ್ದ. ಕುಂಗೆಲ್ವ್ ಎಂಬ ಊರಿನ ಹಿಮದ ಹಾದಿಯಲ್ಲಿ, ಸೋದರಿಯ ಮಗ ಆಟೊ ಫ್ರಿಶ್‌ನೊಡನೆ ಮರದ ದಿಮ್ಮಿಯ ಮೇಲೆ ಕುಳಿತು ಆಕೆ ಲೆಕ್ಕ ಹಾಕಿದಳು. ಪರಮಾಣುವಿನ ಕೇಂದ್ರಬೀಜವು ನೀರಿನ ಹನಿಯಂತೆ ನಡು ಸಣ್ಣಗಾಗಿ ಎರಡು ಹೋಳಾಗಬಲ್ಲದು. ಹೋಳುಗಳು ಸಿಡಿದು ದೂರ ಸರಿಯಲು ಬೇಕಾದ ಶಕ್ತಿ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟು. ಅವುಗಳ ಒಟ್ಟು ದ್ರವ್ಯರಾಶಿಯಲ್ಲಿ ಕಾಣುವ ಕೊರತೆಯನ್ನು ಐನ್‌ಸ್ಟೈನರ ಸೂತ್ರದಂತೆ ಶಕ್ತಿಯಾಗಿ ಎಣಿಸಿದರೆ ದೊರೆಯುವುದೂ ಅಷ್ಟೇ! 1939ರ ಫೆಬ್ರವರಿಯಲ್ಲಿ ಇದು ಪ್ರಕಟವಾಯಿತು. ಜರ್ಮನಿಯನ್ನು ಬಿಟ್ಟಾಗ ಯಾರಿಗೂ ತಿಳಿಯದಿದ್ದ ರಹಸ್ಯವನ್ನು ಆಕೆ ಹೊತ್ತು ತರುವುದಾದರೂ ಎಂತು?

1944ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಹಾನನೊಬ್ಬನಿಗೇ ಸಂದಿತು. ಅದು ಅನ್ಯಾಯವೆಂದೇ ನನ್ನ ಭಾವನೆ. 1946ರಲ್ಲಿ ಅಮೆರಿಕಕ್ಕೆ ಹೋದಾಗ ಔತಣಗಳೂ ಸನ್ಮಾನಗಳೂ ಆಕೆಗಾಗಿ ಕಾದಿದ್ದವು; ಜನ ನೋಡಲು ಬಂದದ್ದು ಮಾತ್ರ ಬಾಂಬಿನವಳನ್ನು. ಬಾಂಬನ್ನು ಕುರಿತ ಚಲಚ್ಚಿತ್ರವೊಂದರಲ್ಲಿ ತನ್ನ ಪಾತ್ರವನ್ನು ತರಲು ಆಕೆ ಒಪ್ಪಲಿಲ್ಲ. 1966ರಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ನರೊಡನೆ ಫರ್ಮಿ ಪಾರಿತೋಷಕ ಲಭಿಸಿತು. 1968ರ ಅಕ್ಟೋಬರ್ 27ರಂದು ಕೇಂಬ್ರಿಜ್‌ನಲ್ಲಿ ತೀರಿಕೊಂಡ ಆಕೆಯನ್ನು ಬ್ರಾಮ್ಲಿ ಎಂಬ ಹಳ್ಳಿಯಲ್ಲಿ, ತಮ್ಮನ ಸಮಾಧಿಯ ಬಳಿಯಲ್ಲಿ ಮಣ್ಣುಮಾಡಿದರು.