ಬಾಲರಾಜನ ಅಪ್ಪಾ: ಮೆಡೋಸ್ ಟೇಲರ್

ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರು ಹಾದು ತಿಂಥಣಿ ಬಳಿ ಕೃಷ್ಣೆಯನ್ನು ದಾಟಿ ಮುಂದೆ ಸಾಗಿದರೆ ಸುರಪುರ. ಅಲ್ಲಿನ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಒಬ್ಬ ಬಾಲಕನ ಕಲಿಕೆಯ ಕಥೆಯನ್ನೂ ನೆನಪಿಸುತ್ತದೆ.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಜನಿಸಿದ ಫಿಲಿಪ್ ಮೆಡೋಸ್ ಟೇಲರ್ 15ರ ಹರೆಯದಲ್ಲೇ ಭಾರತಕ್ಕೆ ಬಂದು ನಿಜಾಮರ ಸೇನೆ ಸೇರಿದರು. ಶಾಲೆ ಬೇಗನೆ ತಪ್ಪಿದರೂ ದೇಶಭಾಷೆ, ಕಾನೂನು, ಭೂಮಾಪನಗಳನ್ನು ಸ್ವಂತ ಶ್ರಮದಿಂದ ಕಲಿತರು. 1839ರಲ್ಲಿ ಪ್ರಕಟವಾದ ಠಕ್ಕರ ಕುರಿತ ಕಾದಂಬರಿ ಅವರಿಗೆ ಹೆಸರು ತಂದಿತು.

1841ರಲ್ಲಿ ಅವರು ಸುರಪುರಕ್ಕೆ ನಿಯುಕ್ತರಾದಾಗ ದೊರೆ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಉತ್ತರಾಧಿಕಾರಿ ವೆಂಕಟಪ್ಪ ನಾಯಕನಿಗೆ ಏಳೆಂಟು ವರ್ಷ. ಇಂದಿನ ಲೆಕ್ಕದಲ್ಲಿ ಮೂರನೆಯ ತರಗತಿಯ ವಯಸ್ಸು. ರಾಣಿ ಈಶ್ವರಮ್ಮ ಹಾಗೂ ಬಂಧುಗಳ ನಡುವೆ ಅಧಿಕಾರದ ಕಲಹ ನಡೆದಿತ್ತು. ಟೇಲರ್ ಆಡಳಿತದೊಂದಿಗೆ ಬಾಲಕನ ಶಿಕ್ಷಣದ ಹೊಣೆಯನ್ನೂ ಹೊತ್ತು ಇಂಗ್ಲಿಷ್ ಕಲಿಸಿದರು. ಹುಡುಗ ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಆದರೆ ಪಾಠ ಮುಗಿದೊಡನೆ ಮರಳಬೇಕಾದದ್ದು ಅದೇ ಕಲಹದ ಅರಮನೆಗೆ.

1853ರಲ್ಲಿ ರಾಜ್ಯವನ್ನು ಪ್ರಾಪ್ತವಯಸ್ಕ ರಾಜರಿಗೆ ಒಪ್ಪಿಸಿ ಟೇಲರ್ ಹೊರಟರು. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನ ಬ್ರಿಟಿಷ್ ದಂಡು ಸುರಪುರದ ಮೇಲೇರಿತು. ಬಂಡಾಯವೆದ್ದಿದ್ದ ರಾಜರು ಹೈದರಾಬಾದಿನಲ್ಲಿ ಸೆರೆಯಾದರು. ಟೇಲರ್ ಸೆರೆಮನೆಗೆ ತೆರಳಿ ಶಿಷ್ಯನನ್ನು ಕಂಡರು. ಮರಣದಂಡನೆಯೇನೋ ತಪ್ಪಿತು, ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ಹಾದಿಯಲ್ಲಿ ರಾಜರು ಗುಂಡೇಟಿನಿಂದ ಅಸುನೀಗಿದರು.

1876ರಲ್ಲಿ ಟೇಲರ್ ಫ್ರಾನ್ಸಿನಲ್ಲಿ ನಿಧನರಾದರು. ಎಳೆಯರ ಕಲಿಕೆಗೆ ಅಕ್ಕರೆಯ ಗುರುವೊಬ್ಬರಿದ್ದರೆ ಸಾಲದು, ಮನೆಯೂ ನೆಮ್ಮದಿಯಿಂದಿರಬೇಕೆಂಬುದನ್ನು ಸುರಪುರದ ಈ ಕಥೆ ಇಂದಿಗೂ ಹೇಳುತ್ತದೆ.